ಡಯಾಲಿಸಿಸ್‌ಗೆ ಹೋಗುವವರ ಲಿವರ್ ಬಗ್ಗೆ ಯಾರು ಕೇಳಬೇಕು?

ವಾರಕ್ಕೆ ಎರಡು ದಿನ ಮೊದಲ ಬಸ್ ಹಿಡಿದು ಡಯಾಲಿಸಿಸ್‌ಗೆ ಹೋಗಿ ಬರುವವರು ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಒಬ್ಬರಾದರೂ ಸಿಗುತ್ತಾರೆ. ಅಂಥ ಒಬ್ಬ ರೈತರ ಫೈಲನ್ನು ಕಳೆದ ತಿಂಗಳು ನಾವು ಕೂತು ಓದಿದೆವು. ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಎಲ್ಲದರ ಚೀಟಿ ಇತ್ತು. ಹೆಪಟೈಟಿಸ್ ರಿಪೋರ್ಟ್ ಮಾತ್ರ ಒಂದೇ, ಅದೂ ಎರಡು ವರ್ಷ ಹಳೆಯದು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ್ದೀರಾ ಎಂದು ಕೇಳಿದೆವು. "ಯಾರೂ ಹೇಳಿಲ್ರಿ ಸರ. ನಂದು ಕಿಡ್ನಿ ಕೆಟ್ಟೈತಿ, ಲಿವರ್ ಚಲೋ ಐತ್ರಿ. ನಾ ಕುಡಿಯಂಗಿಲ್ಲ" ಅಂದರು.

ಲಿವರ್ ಕೆಡುವುದು ಕುಡಿಯುವವರಿಗೆ ಮಾತ್ರ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಆದರೆ ಕಿಡ್ನಿ ಕಾಯಿಲೆ ಇರುವವರ ಲಿವರ್‌ಗೆ ಬೇರೆ ದಾರಿಯಿಂದ ಅಪಾಯ ಬರುತ್ತದೆ.

ಡಯಾಲಿಸಿಸ್ ಎಂದರೆ ರಕ್ತ ಸುಮಾರು ನಾಲ್ಕು ಗಂಟೆ ದೇಹದ ಹೊರಗೆ ಸುತ್ತಿ ವಾಪಸ್ ಬರುವುದು. ಅದೇ ಕೋಣೆ, ಅದೇ ಯಂತ್ರ, ಒಬ್ಬರ ನಂತರ ಇನ್ನೊಬ್ಬರು. ಸಿಬ್ಬಂದಿ ಕೈಗವಸು ಬದಲಿಸದೆ ಇನ್ನೊಬ್ಬರನ್ನು ಮುಟ್ಟಿದರೆ, ಒಂದೇ ಹೆಪಾರಿನ್ ಬಾಟಲಿಯ ಮದ್ದನ್ನು ಹಲವರಿಗೆ ಕೊಡುವಾಗ ಎಚ್ಚರ ತಪ್ಪಿದರೆ, ಕಣ್ಣಿಗೆ ಕಾಣದಷ್ಟು ರಕ್ತದಿಂದಲೇ ಹೆಪಟೈಟಿಸ್ ಬಿ ಅಥವಾ ಸಿ ದಾಟಬಹುದು. ಬಿ ವೈರಸ್ ದೇಹದ ಹೊರಗೆ, ಒಣಗಿದ ರಕ್ತದ ಕಲೆಯಲ್ಲೂ ಏಳು ದಿನ ಬದುಕಬಲ್ಲದು. ಕಿಡ್ನಿ ಕೆಟ್ಟವರಲ್ಲಿ ರೋಗ ತಡೆಯುವ ಶಕ್ತಿಯೂ ಕಡಿಮೆ. ಒಳಹೊಕ್ಕ ವೈರಸ್ ಅಲ್ಲೇ ಬೀಡು ಬಿಡುತ್ತದೆ.

ಆಮೇಲೆ ಅದು ಸದ್ದಿಲ್ಲದೆ ವರ್ಷಗಟ್ಟಲೆ ಲಿವರ್ ತಿನ್ನುತ್ತದೆ. ಕೊನೆಗೆ ಲಿವರ್ ಗಟ್ಟಿಯಾಗಬಹುದು, ಕ್ಯಾನ್ಸರ್ ಕೂಡ ಬರಬಹುದು. ಕಣ್ಣು ಹಳದಿಯಾದರೆ ನೋಡೋಣ ಎಂದು ಕಾದವರಿಗೆ ತಡವಾಗಿರುತ್ತದೆ. ಇನ್ನೊಂದು ಮೋಸವಿದೆ. ಲಿವರ್ ಟೆಸ್ಟ್‌ನಲ್ಲಿ ಬರೆಯುವ ಎಸ್‌ಜಿಪಿಟಿ ಅಂಕಿ ಡಯಾಲಿಸಿಸ್‌ನವರಲ್ಲಿ ಸಾಮಾನ್ಯವಾಗಿಯೇ ಕಡಿಮೆ ಇರುತ್ತದೆ. ಅದು ನಾರ್ಮಲ್ ಬಂತು ಅಂದಮಾತ್ರಕ್ಕೆ ವೈರಸ್ ಇಲ್ಲ ಅನ್ನುವಂತಿಲ್ಲ. ಹೆಪಟೈಟಿಸ್ ಟೆಸ್ಟನ್ನೇ ಬೇರೆಯಾಗಿ ಮಾಡಿಸಬೇಕು.

ಇದಕ್ಕೆ ದಾರಿ ಇಲ್ಲದಿಲ್ಲ. ಹೆಪಟೈಟಿಸ್ ಬಿ ಗೆ ಲಸಿಕೆ ಇದೆ. ದೇಶದೆಲ್ಲೆಡೆ ಮಕ್ಕಳ ಲಸಿಕೆ ಪಟ್ಟಿಗೆ ಅದು ಸೇರಿದ್ದು 2011ರಲ್ಲಿ. ಹಾಗಾಗಿ ಈಗ ಡಯಾಲಿಸಿಸ್‌ನಲ್ಲಿರುವ ನಮ್ಮ ಹಿರಿಯರಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಲ್ಲಿ ಅದು ಸಿಕ್ಕಿಲ್ಲ. ಕಿಡ್ನಿ ರೋಗಿಗಳಿಗೆ ಸಾಮಾನ್ಯವಾಗಿ ಎರಡರಷ್ಟು ಡೋಸ್ ಕೊಡುತ್ತಾರೆ. ಡಯಾಲಿಸಿಸ್ ಶುರುವಾಗುವ ಮೊದಲೇ ಹಾಕಿಸಿದರೆ ಹೆಚ್ಚು ಫಲ. ಹೆಪಟೈಟಿಸ್ ಸಿ ಗೆ ಲಸಿಕೆ ಇಲ್ಲ, ಆದರೆ ಗುಳಿಗೆ ಇದೆ. ಸಾಮಾನ್ಯವಾಗಿ ಹನ್ನೆರಡು ವಾರ ನುಂಗಿದರೆ ಬಹುಪಾಲು ಜನರಿಗೆ ಪೂರ್ತಿ ವಾಸಿಯಾಗುತ್ತದೆ, ಡಯಾಲಿಸಿಸ್‌ನಲ್ಲಿ ಇರುವವರಿಗೂ ಕೊಡಬಹುದು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ.

ಆದ್ದರಿಂದ ನಿಮ್ಮ ಮನೆಯವರು ಡಯಾಲಿಸಿಸ್‌ಗೆ ಹೋಗುತ್ತಿದ್ದರೆ ಮೂರು ಮಾತು ಕೇಳಿ:

ಬಿ ಮತ್ತು ಸಿ ಟೆಸ್ಟ್ ಕೊನೆಯ ಸಲ ಆಗಿದ್ದು ಯಾವಾಗ? ಆರು ತಿಂಗಳು ದಾಟಿದ್ದರೆ ಮತ್ತೆ ಆಗಲಿ. ಬೇರೆ ಸೆಂಟರ್‌ನಿಂದ ಬಂದಿದ್ದರೂ ಮತ್ತೆ ಆಗಲಿ.

ಬಿ ಲಸಿಕೆಯ ಎಲ್ಲ ಡೋಸ್ ಮುಗಿದಿದೆಯಾ? ಅದು ಹಿಡಿದಿದೆಯಾ ಎಂದು ರಕ್ತ ನೋಡಿದ್ದೀರಾ?

ಬಿ ಇರುವವರಿಗೆ ಬೇರೆ ಯಂತ್ರ ಇದೆಯಾ?

ಕೇಳಲು ಸಂಕೋಚ ಬೇಡ. ರಿಪೋರ್ಟ್ ಪಾಸಿಟಿವ್ ಬಂದರೆ ಹೆದರುವುದೂ ಬೇಡ. ಜೊತೆಗೆ ಕೂತು ಉಂಡರೆ ಇವು ಅಂಟುವುದಿಲ್ಲ. ಆ ನೆಪದಲ್ಲಿ ಡಯಾಲಿಸಿಸ್ ನಿಲ್ಲಿಸಲೂ ಬಾರದು.

ಯಂತ್ರ ಕಡಿಮೆ, ಟೆಕ್ನಿಷಿಯನ್ ಕಡಿಮೆ, ಸರದಿ ಉದ್ದ ಎಂಬುದು ನಮಗೂ ಗೊತ್ತು. ಸಿಬ್ಬಂದಿಯನ್ನು ಬೈಯುವುದು ಸುಲಭ. ಆದರೆ ಎಲ್ಲವನ್ನೂ ರೋಗಿಯೇ ಕೇಳಿ ಪಡೆಯಲಿ ಅನ್ನುವುದು ನ್ಯಾಯವಲ್ಲ. ಮುಂದಿನ ಟೆಸ್ಟ್ ಯಾವ ದಿನ, ಲಸಿಕೆ ಎಷ್ಟು ಆಗಿದೆ ಎಂಬುದನ್ನು ಪ್ರತಿ ಸೆಂಟರ್ ರೋಗಿಯ ಕಾರ್ಡಿನಲ್ಲೇ ಕನ್ನಡದಲ್ಲಿ ಬರೆದುಕೊಡಬೇಕು. ಇದು ಕೋಟಿ ರೂಪಾಯಿಯ ಕೆಲಸವಲ್ಲ, ಪೆನ್ನಿನ ಕೆಲಸ.

ತಪ್ಪಿನಲ್ಲಿ ನಮ್ಮದೂ ಪಾಲಿದೆ. ಹೊಸ ಡಯಾಲಿಸಿಸ್ ಯಂತ್ರ ಬಂದಾಗ ರಿಬ್ಬನ್ ಕತ್ತರಿಸಿದ ಫೋಟೊ ಕಳಿಸಿದ್ದೇವೆ. ಒಳಗೆ ಮಲಗಿದವರಿಗೆ ಲಸಿಕೆ ಸಿಕ್ಕಿತಾ ಎಂದು ಒಮ್ಮೆಯೂ ಕೇಳಿರಲಿಲ್ಲ.

ಆ ರೈತರು ಮುಂದಿನ ಸರದಿಗೆ ಹೋದಾಗ ಕೇಳಿದರಂತೆ. ರಕ್ತ ತಗೊಂಡಿದ್ದಾರೆ. ರಿಪೋರ್ಟ್ ಇನ್ನೂ ಬರಬೇಕು.