ಹಾಲು ಸಾಲದು ಅನ್ನುವವರಿಗೆ

ಬಾಣಂತಿಯನ್ನು ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆ ಯಾವುದು, ಹೇಳಿ ನೋಡೋಣ? "ಹೇಗಿದ್ದೀಯಾ?" ಅಂತಲ್ಲ. "ರಾತ್ರಿ ಒಂದು ಗಂಟೆಯಾದರೂ ನಿದ್ದೆ ಬಂತಾ?" ಅಂತಲೂ ಅಲ್ಲ. ನಮ್ಮ ಧಾರವಾಡದ ಕಡೆಯವರಾದರೆ "ಹಾಲು ಸಾಕಾಗ್ತಾವೇನವಾ?" ಅಂತಾರೆ. ಪುಣೆಯವರಾದರೆ "ದೂಧ ಪುರತಂ ಕಾ ಬಾಳಾಲಾ?" ಅಂತಾರೆ. ಭಾಷೆ ಬೇರೆ, ಧಾಟಿ ಒಂದೇ. ಉತ್ತರ ಬರುವ ಮೊದಲೇ ಕಣ್ಣು ಕೂಸಿನ ಕೈಕಾಲಿನ ಮೇಲೆ ಹರಿದಾಡಿ ತೀರ್ಪು ಬಂದುಬಿಟ್ಟಿರುತ್ತದೆ: "ಸಾಲ್ತಿಲ್ಲ ಕಾಣ್ತದ."

ಈ ಮೂರಕ್ಷರದ "ಸಾಲದು" ಎಂಬ ಮಾತಿನ ವಿರುದ್ಧ ನನ್ನದೊಂದು ದೊಡ್ಡ ತಕರಾರಿದೆ. ಅದನ್ನು ಊರಿನಲ್ಲಿರುವ ನಿಮ್ಮ ಮುಂದೆಯೇ ಇಡಬೇಕು ಅಂತ ಬರೆಯುತ್ತಿದ್ದೇನೆ. ಯಾಕಂದರೆ ನಿಮ್ಮ ಮಗಳೋ, ಸೊಸೆಯೋ, ತಂಗಿಯೋ ನನ್ನ ಹಾಗೆ ಪುಣೆಯ ಯಾವುದೋ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಕೂಸು ಎತ್ತಿಕೊಂಡು ಕೂತಿರಬಹುದು. ನೀವು ಫೋನಿನಲ್ಲಿ ಕೇಳುವ ಒಂದು ಮಾತು ಅವಳನ್ನು ಎತ್ತಿ ನಿಲ್ಲಿಸಲೂಬಹುದು, ಕೆಡವಲೂಬಹುದು.

ಮೊದಲು ಹಾಲಿನ ಲೆಕ್ಕ ಮಾತಾಡೋಣ. ನಮ್ಮಲ್ಲಿ ಬಹಳ ಜನ ಎದೆ ಅಂದರೆ ತುಂಬಿಟ್ಟ ಕೊಡ, ಕೂಸು ಕುಡಿದಷ್ಟು ಖಾಲಿ ಅಂತ ತಿಳಿದಿದ್ದಾರೆ. ಅದು ಕೊಡವಲ್ಲ, ಒರತೆ. ತೋಡಿದಷ್ಟೂ ನೀರು. ಕೂಸು ಚೀಪಿದಾಗ ಮಿದುಳಿಗೆ ಸುದ್ದಿ ಹೋಗಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹಾಲು ಮಾಡಿಸುತ್ತದೆ, ಆಕ್ಸಿಟೋಸಿನ್ ಅದನ್ನು ಇಳಿಸುತ್ತದೆ. ನೋವು, ಅಂಜಿಕೆ, ಅವಮಾನಗಳಿದ್ದಲ್ಲಿ ಈ ಎರಡನೆಯದು ತಡಮಾಡುತ್ತದೆ. ಅಂದರೆ "ಹಾಲಿಲ್ಲ, ಹಾಲಿಲ್ಲ" ಅಂತ ತಲೆಯ ಮೇಲೆ ಕೂತು ಹೇಳುವವರೇ ಇರುವ ಹಾಲನ್ನೂ ಇಳಿಯಗೊಡುವುದಿಲ್ಲ!

ಹುಟ್ಟಿದ ದಿನ ಕೂಸಿಗೆ ಒಂದು ಸಲಕ್ಕೆ ಬೇಕಾಗುವುದು ಒಂದು ಚಮಚೆಯಷ್ಟು ಗಿಣ್ಣುಹಾಲು. ತುಂಬಿದ ಹಾಲು ಬರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದೊಳಗೆ. ಸಿಸೇರಿಯನ್ ಆದರೆ ಇನ್ನೂ ಸ್ವಲ್ಪ ತಡ. ಮೊದಲ ದಿನಗಳಲ್ಲಿ ಕೂಸಿನ ತೂಕ ಕೊಂಚ ಇಳಿಯುವುದು ಸಹಜ. ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯಬೇಕು. ಐದನೇ ದಿನ ದಾಟಿದ ಮೇಲೆ ದಿನಕ್ಕೆ ಆರಾದರೂ ಸಲ ಉಚ್ಚೆ ಹೊಯ್ಯಬೇಕು. ಅಳತೆ ಅಂದರೆ ಇದು, ತೂಕ ಮತ್ತು ಒದ್ದೆ ಬಟ್ಟೆ. ಕೂಸು ಅಳುವುದು ಅಳತೆಯಲ್ಲ, ಸಂಜೆಗೆ ಎದೆ ಮೆತ್ತಗಾಗುವುದೂ ಅಳತೆಯಲ್ಲ, ಪಕ್ಕದ ಮನೆಯ ಮಾವಶಿಯ ಕಣ್ಣಂತೂ ಮೊದಲೇ ಅಲ್ಲ.

ಈ ಅಳತೆ ಬಿಟ್ಟು ಮಾತಿನ ಅಳತೆ ಹಿಡಿದರೆ ಏನಾಗುತ್ತದೆ? ಎರಡನೇ ದಿನವೇ ಡಬ್ಬಿ ಹಾಲು ಬರುತ್ತದೆ. ಹೊಟ್ಟೆ ತುಂಬಿದ ಕೂಸು ಎದೆಗೆ ಬರುವುದಿಲ್ಲ. ಚೀಪದಿದ್ದರೆ ಸುದ್ದಿ ಹೋಗುವುದಿಲ್ಲ, ಸುದ್ದಿ ಹೋಗದಿದ್ದರೆ ಹಾಲು ಆಗುವುದಿಲ್ಲ. ಹದಿನೈದು ದಿನದಲ್ಲಿ "ನಾ ಹೇಳಿದ್ನೆಲ್ಲ?" ಅನ್ನುವವರ ಮಾತು ನಿಜವಾಗಿಬಿಡುತ್ತದೆ.

ತಾಯಿಯನ್ನು ಬೈಯುವವರು ಒಮ್ಮೆ ಸರಕಾರದ ಅಂಕಿಗಳನ್ನು ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ನೂರರಲ್ಲಿ 88 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆ ಕಂಡ ಕೂಸುಗಳು ನೂರಕ್ಕೆ ಸುಮಾರು 42 ಮಾತ್ರ. ಆಸ್ಪತ್ರೆಯಲ್ಲೇ ಹುಟ್ಟಿದ ಮೇಲೂ ಈ ಗತಿ ಯಾಕೆ? ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47 ಹೆರಿಗೆ ಸಿಸೇರಿಯನ್ ಅನ್ನುತ್ತದೆ ಅದೇ ಸಮೀಕ್ಷೆ. ಹೊಟ್ಟೆ ಕೊಯ್ಸಿಕೊಂಡು ಮಲಗಿದವಳ ಎದೆಗೆ ಕೂಸನ್ನು ಹಚ್ಚಬೇಕಾದರೆ ಪಕ್ಕದಲ್ಲಿ ತಿಳಿದ ನರ್ಸ್ ಒಬ್ಬಳು ಅರ್ಧ ಗಂಟೆ ನಿಲ್ಲಬೇಕು. ಆ ಅರ್ಧ ಗಂಟೆ ಯಾವ ಬಿಲ್ಲಿನಲ್ಲೂ ಇರುವುದಿಲ್ಲ. ಹಾಗಾಗಿ ಆ ನರ್ಸೂ ಇರುವುದಿಲ್ಲ.

ನನ್ನ ಸಂಗತಿ ಹೇಳುತ್ತೇನೆ. ಅಪ್ಪನಿಗೆ ಆರಾಮ ಇರಲಿಲ್ಲ, ತವರಿಗೆ ಹೋಗುವ ಹಾಗಿರಲಿಲ್ಲ. ಪುಣೆಯಲ್ಲೇ ಹೆರಿಗೆಯಾಯಿತು. ಅಮ್ಮ ರಾತ್ರಿ ಬಸ್ಸಿಗೆ ಬಂದು ಎಂಟು ದಿನ ಇದ್ದು ಹೋದಳು. ಹತ್ತನೇ ದಿನಕ್ಕೆ ಮಗಳ ತೂಕ ಹುಟ್ಟಿದಾಗಿನದಕ್ಕಿಂತ 350 ಗ್ರಾಂ ಕಡಿಮೆ ಇತ್ತು. ಒದ್ದೆ ಬಟ್ಟೆಗಳೂ ಕಡಿಮೆ. ನನಗೆ ನಿಜವಾಗಿಯೂ ಹಾಲು ಕಡಿಮೆ ಇತ್ತು. ಈಗ ಔಷಧೋಪಚಾರ ಕೇಳಿ! ಊರಿಂದ ಅಂಟಿನ ಉಂಡೆ ಬಂತು, ಎದುರು ಮನೆಯಿಂದ ಅಳವಿ ಖೀರು ಬಂತು, ಅತ್ತೆಯ ಕಡೆಯಿಂದ ಮೆಂತ್ಯೆ ಲಾಡು, ಬೆಳ್ಳುಳ್ಳಿ, ಸಬ್ಬಸಿಗೆ ಪಲ್ಯ. ಅಂಗಡಿಯಿಂದ ಶತಾವರಿ ಪುಡಿ. ಆಸ್ಪತ್ರೆಯಲ್ಲಿ ಕೇಳಿದರೆ, "ಟೆನ್ಶನ್ ತಗೋಬ್ಯಾಡ್ರಿ" ಎಂಬ ಉಚಿತ ಸಲಹೆ. ಆರು ವಾರ ಹೀಗೇ ಹೋಯಿತು. ಕಡೆಗೆ ಬೇರೊಬ್ಬ ಡಾಕ್ಟರ್ ಥೈರಾಯ್ಡ್ ತಪಾಸಣೆ ಬರೆದುಕೊಟ್ಟರು. ಬಸಿರಿನಲ್ಲಿ ಸರಿ ಇದ್ದದ್ದು ಹೆರಿಗೆಯ ನಂತರ ಏರುಪೇರಾಗಿತ್ತು. ಗುಳಿಗೆ ಶುರುವಾದ ಮೇಲೆ ಹಾಲು ಹೆಚ್ಚಿತು, ಪೂರ್ತಿ ಅಲ್ಲ, ಅರ್ಧಕ್ಕಿಂತ ಜಾಸ್ತಿ. ಉಳಿದದ್ದನ್ನು ಪುಡಿ ಹಾಲು ತುಂಬಿಸಿತು. ಒಂದು ವರ್ಷ ಎರಡೂ ನಡೆಯಿತು.

ಉಂಡೆಯ ಮೇಲೆ ನನಗೆ ಸಿಟ್ಟಿಲ್ಲ. ತಿನ್ನಲಿಕ್ಕೆ ರುಚಿ, ಬಾಣಂತಿಗೆ ಶಕ್ತಿ. ಆದರೆ ಉಂಡೆ ರಕ್ತ ತಪಾಸಣೆ ಮಾಡುವುದಿಲ್ಲ. ಹಾಲು ನಿಜವಾಗಿ ಕಡಿಮೆಯಾಗಲು ಕಾರಣಗಳಿವೆ: ಥೈರಾಯ್ಡ್, ಪಿಸಿಓಎಸ್, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ, ಒಳಗೆ ಉಳಿದ ಮಾಸದ ಚೂರು, ಹಿಂದೆ ಎದೆಗೆ ಆದ ಆಪರೇಶನ್, ಕೂಸು ಬಾಯಿ ಹಚ್ಚುವ ರೀತಿಯಲ್ಲಿನ ತೊಂದರೆ. ಇವುಗಳಲ್ಲಿ ಯಾವುದಕ್ಕೂ "ನಿನ್ನ ಮನಸ್ಸು ಸರಿ ಇಲ್ಲ" ಎಂಬುದು ಉತ್ತರವಲ್ಲ. ಗಂಡಸರಿಗೆ ಎದೆನೋವು ಬಂದರೆ ಇಸಿಜಿ, ಹೆಂಗಸಿಗೆ ಎದೆಹಾಲು ಕಡಿಮೆಯಾದರೆ ಲಾಡು. ಇದು ಯಾವ ನ್ಯಾಯ?

"ನಮ್ಮ ಕಾಲಕ್ಕ ಇದೆಲ್ಲಾ ಎಲ್ಲಿತ್ತವಾ? ಹತ್ತು ಹಡದ್ವಿ, ಹತ್ತಕ್ಕೂ ಕುಡಿಸಿದ್ವಿ" ಅನ್ನುವವರಿಗೆ ಎರಡು ಮಾತು. ಒಂದು, ನಿಮ್ಮ ಕಾಲಕ್ಕೆ ಬಾಣಂತಿ ಒಬ್ಬಳೇ ಇರಲಿಲ್ಲ. ನೀರು ಹಾಕುವವಳು ಒಬ್ಬಳು, ಅಡಿಗೆಗೆ ಒಬ್ಬಳು, ರಾತ್ರಿ ಕೂಸನ್ನು ಎತ್ತಿಕೊಡಲು ಒಬ್ಬಳು. ಬಾಣಂತನ ಅಂದರೆ ನಾಲ್ಕಾರು ಹೆಂಗಸರ ಕೂಲಿಯಿಲ್ಲದ ದುಡಿಮೆ. ಅದನ್ನು ತೆಗೆದುಹಾಕಿ ಉಂಡೆಯ ಡಬ್ಬಿಯನ್ನಷ್ಟೇ ಪಾರ್ಸಲ್ ಮಾಡಿದರೆ ಬಾಣಂತನ ಆಗುವುದಿಲ್ಲ. ಎರಡು, ಹಾಲಿಲ್ಲದ ತಾಯಿಯ ಕೂಸಿಗೆ ಓಣಿಯ ಇನ್ನೊಬ್ಬ ತಾಯಿ ಕುಡಿಸುತ್ತಿದ್ದಳು. ಕುಡಿಸುವವರು ಸಿಗದಿದ್ದರೆ ಕೂಸು ಸಾಯುತ್ತಿತ್ತು. 1992-93ರಲ್ಲಿ ಕೂಡ ಸಾವಿರ ಕೂಸುಗಳಲ್ಲಿ 78 ಕೂಸು ವರ್ಷ ತುಂಬುವುದರೊಳಗೆ ಹೋಗುತ್ತಿದ್ದವು. 2019-21ಕ್ಕೆ ಅದು 35ಕ್ಕೆ ಇಳಿಯಿತು. ಹಾಲು ಸಾಲದೆ ಹೋದವು ಎಷ್ಟು ಅಂತ ಯಾರೂ ಲೆಕ್ಕ ಇಟ್ಟಿಲ್ಲ. ಉಳಿದವರಷ್ಟೇ ಈಗ ಕಥೆ ಹೇಳುತ್ತಿದ್ದಾರೆ.

ಇನ್ನೊಂದು ಬಣದವರಿದ್ದಾರೆ, "ಎದೆಹಾಲೇ ಅಮೃತ, ಡಬ್ಬಿ ಹಾಲು ವಿಷ" ಅನ್ನುವವರು. ಡಬ್ಬಿ ಕಂಪನಿಗಳ ಪರ ಮಾತಾಡಲು ನಾನಿಲ್ಲಿ ಕೂತಿಲ್ಲ. ಅವರ ಆಟ ಕಂಡೇ ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ನಿಯಮಾವಳಿ ತಂದದ್ದು. ನಮ್ಮ ದೇಶ 1992ರಲ್ಲಿ ಕಾಯ್ದೆಯನ್ನೇ ಮಾಡಿ, 2003ರಲ್ಲಿ ಇನ್ನಷ್ಟು ಬಿಗಿ ಮಾಡಿತು. ಅದರ ಪ್ರಕಾರ ಡಬ್ಬಿ ಹಾಲಿನ ಜಾಹೀರಾತು ಕೂಡದು, ಪುಕ್ಕಟೆ ಡಬ್ಬಿ ಹಂಚಕೂಡದು, ಡಬ್ಬಿಯ ಮೇಲೆ ಕೂಸಿನ ಚಿತ್ರವೂ ಇರಕೂಡದು. ಒಳ್ಳೆಯ ಕಾಯ್ದೆ, ಇರಲೇಬೇಕು. ಆದರೆ ಅದು ಕಟ್ಟಿಹಾಕಿದ್ದು ವ್ಯಾಪಾರಿಯನ್ನು, ತಾಯಿಯನ್ನಲ್ಲ. ತೂಕ ಇಳಿಯುತ್ತಿರುವ ಕೂಸಿಗೆ ಡಾಕ್ಟರ್ ಹೇಳಿದಷ್ಟು ಪುಡಿ ಹಾಲನ್ನು, ಕುದಿಸಿದ ನೀರಿನಲ್ಲಿ, ಸರಿಯಾದ ಅಳತೆಯಲ್ಲಿ ಕಲಸಿ ಕುಡಿಸುವ ತಾಯಿ ಪಾಪ ಮಾಡುತ್ತಿಲ್ಲ. ಕೂಸನ್ನು ಉಳಿಸುತ್ತಿದ್ದಾಳೆ. ಡಬ್ಬಿ ಬೇಡ ಅಂತ ನೀರು, ಸಕ್ಕರೆ ನೀರು, ಜೇನುತುಪ್ಪ ಇಕ್ಕುವುದಿದೆಯಲ್ಲ, ಅಪಾಯ ಇರುವುದು ಅಲ್ಲಿ. ವರ್ಷದೊಳಗಿನ ಕೂಸಿಗೆ ಜೇನು ಕೂಡದೇ ಕೂಡದು.

ಅಮೃತ ಅನ್ನುವವರಿಗೆ ಅಷ್ಟು ಕಾಳಜಿ ಇದ್ದರೆ ತಾಯಂದಿರ ಹಾಲಿನ ಬ್ಯಾಂಕುಗಳ ಬಗ್ಗೆ ಮಾತಾಡಲಿ. ಏಷ್ಯಾದ ಮೊದಲ ಹಾಲಿನ ಬ್ಯಾಂಕ್ ಶುರುವಾದದ್ದು 1989ರಲ್ಲಿ, ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ, ಡಾ. ಅರ್ಮಿಡಾ ಫರ್ನಾಂಡಿಸ್ ಅವರಿಂದ. ಪುಣೆಯ ಸಸೂನ್ ಆಸ್ಪತ್ರೆಯಲ್ಲೂ ಬಂತು. ಬೆಂಗಳೂರಿನ ವಾಣಿ ವಿಲಾಸಕ್ಕೆ ಅದು ಬಂದದ್ದು 2022ರಲ್ಲಿ. ಇಲ್ಲಿಯ ಹಾಲು ಮೊದಲು ಹೋಗುವುದು ದಿನ ತುಂಬದೆ ಹುಟ್ಟಿದ ಕೂಸುಗಳಿಗೆ, ಹೋಗಬೇಕಾದದ್ದೂ ಅಲ್ಲಿಗೇ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಇಂಥದೊಂದು ಇದೆಯಾ, ವಿಚಾರಿಸಿ ನೋಡಿ.

ಇನ್ನು ಕೆಲಸಕ್ಕೆ ಮರಳುವ ಮಾತು. 2017ರ ತಿದ್ದುಪಡಿಯಿಂದ 26 ವಾರದ ಹೆರಿಗೆ ರಜೆ ಬಂತು. 50 ಜನರಿಗಿಂತ ಕಡಿಮೆ ಇಲ್ಲದ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತಾಯಿತು. ಕೂಸಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವು ಮೊದಲಿನಿಂದಲೂ ಇತ್ತು. ಆದರೆ ಕಾಗದದ ಮೇಲಿನ ಆ ಬಿಡುವಿನಲ್ಲಿ ಎಲ್ಲಿ ಕೂಡಬೇಕು? ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ, ಒಂದು ಕುರ್ಚಿ, ಒಂದು ಫ್ರಿಜ್ ಇಲ್ಲದೆ ನನ್ನ ಗೆಳತಿಯೊಬ್ಬಳು ಆಫೀಸಿನ ಟಾಯ್ಲೆಟ್‌ನಲ್ಲಿ ನಿಂತು ಹಾಲು ಹಿಂಡಿ ಚೆಲ್ಲಿದಳು. ಗಾಜಿನ ಕಟ್ಟಡ, ಒಳಗೆ ಟೇಬಲ್ ಟೆನಿಸ್ ಆಡಲು ದೊಡ್ಡ ಹಾಲ್ ಇದೆ. ಹಾಲೂಡುವವರಿಗೆ ಜಾಗವಿಲ್ಲ.

ನಾವಾದರೂ ಸಂಬಳದವರು. ಆ ಗಾಜಿನ ಕಟ್ಟಡಗಳನ್ನು ಕಟ್ಟಲು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಗುಳೆ ಬಂದ ನಮ್ಮವರೇ ಹೆಂಗಸರಿದ್ದಾರಲ್ಲ, ಅವರ ಗತಿ? ಹಾಲು ಒರತೆ ಅಂದೆನಲ್ಲ, ದಿನವಿಡೀ ಸಿಮೆಂಟು ಹೊತ್ತು ಸಂಜೆಗೊಮ್ಮೆ ಕೂಸಿನ ಮುಖ ನೋಡುವವಳ ಒರತೆ ಬತ್ತದೆ ಇನ್ನೇನಾದೀತು? 1996ರ ಕಟ್ಟಡ ಕಾರ್ಮಿಕರ ಕಾಯ್ದೆ, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಕೂಸುಗಳಿಗೊಂದು ಕೋಣೆ ಬೇಕು ಅಂತ ಬರೆಯಿತು. 49 ಜನ ಇದ್ದರೆ ಕೂಸುಗಳು ಅಳುವುದಿಲ್ಲವೆ? 2013ರ ಆಹಾರ ಭದ್ರತಾ ಕಾಯ್ದೆ ಹೆರಿಗೆಗೆ ಕನಿಷ್ಠ 6,000 ರೂಪಾಯಿ ಕೊಡಬೇಕು ಅಂದಿತು. 2017ರಲ್ಲಿ ಬಂದ ಮಾತೃ ವಂದನಾ ಯೋಜನೆ ಮೊದಲ ಕೂಸಿಗೆ ಕೊಟ್ಟದ್ದು 5,000. ವಂದನೆಯಲ್ಲೂ ಒಂದು ಸಾವಿರ ಕಡಿತ! ಇವಳಿಗೆ "ಎದೆಹಾಲೇ ಶ್ರೇಷ್ಠ" ಎಂಬ ಪೋಸ್ಟರ್ ತೋರಿಸಲು ನಾಚಿಕೆಯಾಗಬೇಕು.

ಹಾಗಾದರೆ ಊರಿನಲ್ಲಿರುವ ನೀವೇನು ಮಾಡಬೇಕು? ಫೋನ್ ಮಾಡಿದಾಗ ಹಾಲಿನ ಸುದ್ದಿ ಕೇಳುವುದನ್ನು ಬಿಡಿ. "ಉಂಡೆಯಾ? ಮಲಗಿದ್ದೆಯಾ?" ಅಂತ ಕೇಳಿ. ತೂಕ ಇಳಿದಿದ್ದರೆ ಲಾಡು ಕಳಿಸುವ ಮೊದಲು ಡಾಕ್ಟರ ಹತ್ತಿರ ಕಳಿಸಿ, ರಕ್ತ ತಪಾಸಣೆ ಮಾಡಿಸು ಅನ್ನಿ. ಬರುವ ಹಾಗಿದ್ದರೆ ಬನ್ನಿ, ಆದರೆ ಕೂಸನ್ನು ನೋಡಲು ಬರಬೇಡಿ, ಪಾತ್ರೆ ತಿಕ್ಕಲು ಬನ್ನಿ. ಗಂಡುಮಕ್ಕಳನ್ನು ಹಡೆದವರು ಆ ಮಕ್ಕಳಿಗೆ ಹೇಳಿ, ರಾತ್ರಿ ಎರಡಕ್ಕೆ ಎದ್ದು ಕೂಸನ್ನು ಎತ್ತಿಕೊಡುವುದು ಉಪಕಾರವಲ್ಲ, ಕೆಲಸ. ಡಬ್ಬಿ ಕಂಡರೆ ಮುಖ ಹಿಂಡಬೇಡಿ.

ನನ್ನ ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅವಳ ವರ್ಗದಲ್ಲಿ ಯಾರು ಎದೆಹಾಲು ಕುಡಿದವರು, ಯಾರು ಡಬ್ಬಿ ಹಾಲು ಕುಡಿದವರು ಅಂತ ಬೇರ್ಪಡಿಸಿ ಹೇಳುವವರು ಯಾರಾದರೂ ಇದ್ದರೆ ಮುಂದೆ ಬರಲಿ. ಕೂಸಿಗೆ ಹಾಲು ಸಾಲಬೇಕು, ಅದರಲ್ಲಿ ಎರಡು ಮಾತಿಲ್ಲ. ಅದು ಸಾಲುವಂತೆ ಮಾಡುವ ಭಾರವನ್ನು ಆಸ್ಪತ್ರೆ, ಆಫೀಸು, ಸರಕಾರ, ಗಂಡ, ಬಂಧುಬಳಗ ಎಲ್ಲ ಸೇರಿ ಹೊರಬೇಕು. ಹೊರದೆ ಕೈಕಟ್ಟಿ ನಿಂತವರಿಗೆ "ಸಾಲದು" ಅನ್ನುವ ಹಕ್ಕಿಲ್ಲ.