ಬಾನೆಟ್ ಮುಟ್ಟಬಾರದೆ?

ಹೊಲಿಗೆ ಯಂತ್ರದ ಬೆಲ್ಟು ಸಡಿಲವಾದರೆ ನಾವು ಯಾರಿಗೂ ಕಾಯುವುದಿಲ್ಲ. ಕುಕ್ಕರಿನ ಗ್ಯಾಸ್ಕೆಟ್ಟೂ ನಮ್ಮದೇ ಕೆಲಸ. ಕಾರಿನ ಬಾನೆಟ್ ಎತ್ತಿದರೆ ಮಾತ್ರ, 'ನಿಮಗದೆಲ್ಲ ತಿಳಿಯೋಲ್ಲ ಬಿಡಿ' ಎಂಬ ಉಪದೇಶ. ತಿಳಿಯದ್ದೇನಿದೆ? ಹಾವಿನಂತೆ ಸುತ್ತಿಕೊಂಡ ಒಂದೇ ಬೆಲ್ಟು ಆಲ್ಟರ್ನೇಟರನ್ನೂ, ಏಸಿಯ ಕಂಪ್ರೆಸರನ್ನೂ, ಎಷ್ಟೋ ಕಾರುಗಳಲ್ಲಿ ನೀರಿನ ಪಂಪನ್ನೂ ತಿರುಗಿಸುತ್ತದೆ. ಇಂಜಿನ್ ತಣ್ಣಗಿರಲಿ; ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಲಿ. ಬೆಲ್ಟು ಸುತ್ತಿದ ದಾರಿಯನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ಸ್ಪ್ಯಾನರಿನಿಂದ ಟೆನ್ಷನರ್ ಸಡಿಲಿಸಿ ಹಳೆಯದನ್ನು ತೆಗೆದು, ಹೊಸದನ್ನು ಅದೇ ದಾರಿಯಲ್ಲಿ ಕೂರಿಸಿ. ಚುಕ್ಕಿ ತಪ್ಪದೆ ರಂಗೋಲಿಯ ಎಳೆ ಸುತ್ತುವವರಿಗೆ ಇದೇನು ಬ್ರಹ್ಮವಿದ್ಯೆಯೆ? ಕೆಲವು ಕಾರುಗಳಲ್ಲಿ ಜಾಗ ಬಲು ಇಕ್ಕಟ್ಟು. ಅಲ್ಲಿಗೆ ಮೆಕ್ಯಾನಿಕ್ಕೇ ಬರಲಿ. ಆದರೆ ಕೈಲಾಗದಿರುವುದು ಬೇರೆ, ಕೈಹಾಕಲು ಬಿಡದಿರುವುದು ಬೇರೆ. ಕಾರಿನ ಕಂತು ಕಟ್ಟುವ ಕೈಗೆ ಸ್ಪ್ಯಾನರ್ ಕೊಡಲು ಇಷ್ಟೇಕೆ ಅಂಜಿಕೆ?