ಗಣಕ ಪರಿಚಯ: ನಡುವಿನ ಸ್ಟೇಷನ್ನುಗಳ ಲೆಕ್ಕ



ಕಚೇರಿಯ ಗಣಕಯಂತ್ರ ನಿಧಾನವಾದರೆ ನಾವು ಯಂತ್ರವನ್ನು ಬೈಯುತ್ತೇವೆ. ಆದರೆ ಯಂತ್ರದೊಳಗಿನ ಲೆಕ್ಕಿಗನೇ ತಪ್ಪಿದರೆ? ಈ ಸಲ ಅಂಥದೊಂದು ಪ್ರಸಂಗ.

ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಡಿಸ್ಕು ಎಷ್ಟು ಹೊತ್ತು ದುಡಿಯಿತೆಂದು ಲೆಕ್ಕವಿಡುವ ಭಾಗವಿದೆ. 'ಐಓಸ್ಟ್ಯಾಟ್' ಎಂಬ ಸಾಧನ ಅದನ್ನೋದಿ ಶೇಕಡಾವಾರು ತೋರಿಸುತ್ತದೆ. ಅತಿವೇಗದ ಹೊಸ ಡಿಸ್ಕುಗಳಲ್ಲಿ ಪ್ರತಿ ಕೆಲಸಕ್ಕೂ ಕೂಲಂಕಷ ಲೆಕ್ಕವಿಡುವುದೇ ಹೊರೆಯಾದ್ದರಿಂದ, 2019ರಲ್ಲಿ ಬಂದ 5.0 ಆವೃತ್ತಿಯಲ್ಲಿ ಕ್ರಮವನ್ನು ಸರಳಗೊಳಿಸಿದರು. ಗಡಿಯಾರದ ಒಂದೊಂದು ಬಡಿತವನ್ನು ಒಂದು ಗೀಟು ಎಂದಿಟ್ಟುಕೊಳ್ಳಿ. ಕೆಲಸ ಶುರುವಾದಾಗ ಒಂದು ಗೀಟು, ಮುಗಿದಾಗ ಒಂದು ಗೀಟು. ಎರಡೂ ಒಂದೇ ಬಡಿತದೊಳಗೆ ನಡೆದರೆ ಒಂದೇ ಗೀಟು.

ವೇಗದ ಡಿಸ್ಕಿಗೆ ಇದು ಸರಿಹೋಯಿತು. ತಿರುಗುವ ಹಳೆಯ ಡಿಸ್ಕಿನ ಗತಿ? ನೀವು ಮಲಾಡಿನಲ್ಲಿ ಸ್ಲೋ ಲೋಕಲ್ ಹತ್ತಿ ಅಂಧೇರಿಯಲ್ಲಿ ಇಳಿದಿರಿ ಎನ್ನಿ. ಹತ್ತಿದ್ದೊಂದು, ಇಳಿದದ್ದೊಂದು, ಎರಡೇ ಸ್ಟೇಷನ್ ಎಂದು ಬರೆದುಕೊಂಡರೆ ಗೋರೆಗಾಂವ್, ರಾಮಮಂದಿರ, ಜೋಗೇಶ್ವರಿ ಎಲ್ಲಿ ಹೋದವು? ಒಂದು ಬಡಿತ 4 ಮಿಲಿಸೆಕೆಂಡು, ಒಂದು ಓದುವಿಕೆ 12 ಮಿಲಿಸೆಕೆಂಡು ಆದರೆ, ಮೂರು ಬಡಿತದ ದುಡಿಮೆ ಒಂದೋ ಎರಡೋ ಆಗಿ ದಾಖಲಾಗುತ್ತಿತ್ತು. ಬಿಡುವಿಲ್ಲದೆ ದುಡಿಯುತ್ತಿದ್ದ ಡಿಸ್ಕು ಅರೆಬಿಡುವಿನಲ್ಲಿದೆ ಎಂದು ಪರದೆ ಹೇಳುತ್ತಿತ್ತು.

ಇದರಿಂದೇನು ನಷ್ಟ ಎನ್ನುವಿರಾ? ಡಿಸ್ಕಿಗೆ ಪುರುಸೊತ್ತಿದೆ ಎಂದು ನಂಬಿದ ಸಣ್ಣ ಕಚೇರಿಯವರು ಮೆಮರಿ ಹೆಚ್ಚಿಸಲೋ ಹೊಸ ಯಂತ್ರ ಕೊಳ್ಳಲೋ ಹಣ ಸುರಿದಾರು. ರೋಗ ಒಂದು, ಮದ್ದು ಇನ್ನೊಂದು.

2020ರಲ್ಲಿ 5.7 ಆವೃತ್ತಿಯೊಂದಿಗೆ ಬಂದ ತಿದ್ದುಪಡಿ ಬಹಳ ಚಿಕ್ಕದು. ಕೆಲಸ ಮುಗಿದಾಗ ಒಂದೇ ಗೀಟು ಹಾಕುವ ಬದಲು, ಹಿಂದಿನ ದಾಖಲೆಯಿಂದೀಚೆಗೆ ಕಳೆದ ಬಡಿತಗಳನ್ನೆಲ್ಲ ಕೂಡಿಸುವುದು. ಇಳಿಯುವಾಗ ನಡುವಿನ ಸ್ಟೇಷನ್ನುಗಳನ್ನೂ ಎಣಿಸಿದಂತೆ!

ಇನ್ನೊಂದು ಎಚ್ಚರಿಕೆ. ಲೆಕ್ಕ ಸರಿಯಿದ್ದರೂ ಶೇಕಡಾ 100 ಎಂದರೆ ಡಿಸ್ಕು ಸೋತಿತೆಂದಲ್ಲ. ಎಸ್‌ಎಸ್‌ಡಿಗಳು ಏಕಕಾಲಕ್ಕೆ ಹಲವು ಕೆಲಸ ಮಾಡಬಲ್ಲವು. ಒಂದೇ ಕೆಲಸವಿದ್ದರೂ 'ನಿರತ' ಎಂದೇ ಲೆಕ್ಕ. ಆದುದರಿಂದ ಪ್ರತಿ ಕೆಲಸ ಎಷ್ಟು ಹೊತ್ತು ಕಾಯಿತು ಎಂಬ 'ಅವೇಟ್' ಅಂಕಣವನ್ನೂ ನೋಡಿ.

ಅಂಕಿಗಳನ್ನು ನಂಬಿ, ಬೇಡವೆನ್ನುವುದಿಲ್ಲ. ಆದರೆ ಅವನ್ನು ಎಣಿಸಿದ ಬಗೆಯನ್ನು ಒಮ್ಮೆ ಕೇಳಿಯೇ ಹಣದ ಚೀಲಕ್ಕೆ ಕೈಹಾಕಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಕಾಣೋಣ.